ಪರದೆ ಮತ್ತು ಬಯಲು: ಬಿಜಾಪುರ ಸೀಮೆಯ ಐವತ್ತು ವರ್ಷಗಳ ಪಾಠ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ – ಈ ಭಾಗದ ಯಾವ ಶಾಲೆಯ ಪಾಲಕರ ಸಭೆಗೆ ಹೋದರೂ ಒಂದು ದೂರು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: "ಹುಡುಗ ಮೊಬೈಲ್ ಕೈಬಿಡೂದಿಲ್ಲರಿ ಸರ್, ಹೊರಗ ಆಡಾಕ ಹೋಗು ಅಂದ್ರ ಹೋಗೂದಿಲ್ಲ." ಶಿಕ್ಷಕರಾದ ನೀವು ಇದಕ್ಕೆ ಏನು ಉತ್ತರ ಕೊಡುತ್ತೀರಿ? "ಮೊಬೈಲ್ ಕೊಡಬೇಡಿ" ಎನ್ನುವುದು ಸುಲಭ. ಆದರೆ ಅದೇ ಮೊಬೈಲಿಗೆ ಮನೆಗೆಲಸದ ಸೂಚನೆ ಕಳಿಸುವವರೂ ನಾವೇ ಅಲ್ಲವೆ?

ಹಾಗಾದರೆ ಪರದೆ ಮಕ್ಕಳ ಶತ್ರುವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಈ ಸೀಮೆಯದೇ ಇತಿಹಾಸ ನೆರವಾಗುತ್ತದೆ. ಬಾಗಲಕೋಟೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಈ ಊರುಗಳೆಲ್ಲ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಉಪಗ್ರಹದ ಮೂಲಕ ಹಳ್ಳಿಯ ಶಾಲಾ ಮಕ್ಕಳಿಗೆ ಟಿ.ವಿ. ಪಾಠ ತಲುಪಿದ ಭಾರತದ ಮೊಟ್ಟಮೊದಲ ಜಿಲ್ಲೆಗಳಲ್ಲಿ ಬಿಜಾಪುರವೂ ಒಂದು. ಆ ಪರದೆ ಹೇಗೆ ಬಂದಿತು, ಆಮೇಲೆ ಏನಾಯಿತು ಎಂಬುದನ್ನು ಕ್ರಮವಾಗಿ ನೋಡೋಣ.

ಪರದೆಗೆ ಮೊದಲು

ಸ್ವಾತಂತ್ರ್ಯಕ್ಕೆ ಮೊದಲು ಈ ಪ್ರದೇಶ ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಇಂದು ಒಂದೇ ಊರಿನಂತೆ ಬೆಳೆದಿರುವ ರಬಕವಿ ಮತ್ತು ಬನಹಟ್ಟಿಗಳಲ್ಲಿ ರಬಕವಿ ಸಾಂಗ್ಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಆಡಳಿತ ಬೇರೆಯಾದರೂ ಮಕ್ಕಳ ಆಟ ಮಾತ್ರ ಒಂದೇ ಆಗಿತ್ತು.

ಆ ಆಟಗಳಿಗೆ ಪಂಚಾಂಗವೇ ವೇಳಾಪಟ್ಟಿ. ಕಾರಹುಣ್ಣಿಮೆಗೆ ಎತ್ತುಗಳ ಹಿಂದೆ ಓಟ. ನಾಗರಪಂಚಮಿಗೆ ಮರದ ಕೊಂಬೆಗೆ ಕಟ್ಟಿದ ಜೋಕಾಲಿ. ಸುಗ್ಗಿ ಮುಗಿದು ಹೊಲ ಬಯಲಾದಾಗ ಚಿಣಿಪಣಿ, ಲಗೋರಿ, ಹುತುತು. ಓಣಿಯಲ್ಲಿ ಬುಗುರಿ, ಗೋಲಿ, ಕುಂಟಾಟ. ವಯಸ್ಸಿಗೆ ಬಂದ ಹುಡುಗರಿಗೆ ಗರಡಿಮನೆಯ ಮಣ್ಣು. ಇವುಗಳಿಗೆ ಖರ್ಚಿಲ್ಲ. ನಿಯಮಗಳನ್ನು ಮಕ್ಕಳೇ ಮಾಡುತ್ತಿದ್ದರು, ಜಗಳವಾದರೆ ಅವರೇ ಬಗೆಹರಿಸಿಕೊಳ್ಳುತ್ತಿದ್ದರು.

ಆದರೆ ಆ ಕಾಲವನ್ನು ಸುವರ್ಣಯುಗವೆಂದು ಭಾವಿಸಬೇಡಿ. ನೇಕಾರರ ಮನೆಯ ಮಗು ಆಟಕ್ಕಿಂತ ಮೊದಲು ಕಂಡಿಕೆ ಸುತ್ತಿ ಕೊಡಬೇಕಾಗಿತ್ತು. ರೈತರ ಮಗು ದನ ಕಾಯಬೇಕಾಗಿತ್ತು. ಹೆಣ್ಣುಮಕ್ಕಳ ಆಟ ನೀರು ತರುವ ಹೊತ್ತಿಗೆ, ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹೊತ್ತಿಗೆ ನಿಂತುಹೋಗುತ್ತಿತ್ತು. ಎಷ್ಟೋ ಮಕ್ಕಳು ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಅಂದಿನ ಮಕ್ಕಳು ದಿನವೆಲ್ಲ ಬಯಲಲ್ಲಿದ್ದುದಕ್ಕೆ ಬಡತನವೂ ಒಂದು ಕಾರಣ. ನಾವು ಮರಳಿ ಪಡೆಯಬೇಕಾದದ್ದು ಆ ಬಡತನವನ್ನಲ್ಲ, ಆ ಬಯಲನ್ನು ಮಾತ್ರ.

1975: ಶಾಲೆಯ ಅಂಗಳಕ್ಕೆ ಬಂದ ಪರದೆ

ಭಾರತದ ಪರಮಾಣು ಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ 1969ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಇದರ ಹಿಂದಿದ್ದವರು ವಿಕ್ರಮ್ ಸಾರಾಭಾಯಿ. ನಾಸಾ ತನ್ನ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷ ಭಾರತದ ಬಳಕೆಗೆ ಕೊಡುವುದು. ಭೂಮಿಯ ಮೇಲಿನ ಉಪಕರಣಗಳು ಮತ್ತು ಕಾರ್ಯಕ್ರಮಗಳ ಹೊಣೆ ಭಾರತದ್ದು. ಹೀಗೆ ಹುಟ್ಟಿದ್ದೇ 'ಸೈಟ್' ಎಂದು ಹೆಸರಾದ ಉಪಗ್ರಹ ಶಿಕ್ಷಣ ದೂರದರ್ಶನ ಪ್ರಯೋಗ. ಇದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು.

ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಸಂಕೇತ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿದ್ದ ಉಪಗ್ರಹಕ್ಕೆ ತಲುಪಿ, ಅಲ್ಲಿಂದ ನೇರವಾಗಿ ಹಳ್ಳಿಗೆ ಇಳಿಯುತ್ತಿತ್ತು. ಅದನ್ನು ಹಿಡಿಯಲು ಬಳಸಿದ್ದು ಸುಮಾರು 3 ಮೀಟರ್ ವ್ಯಾಸದ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಬೋಗುಣಿಯಾಕಾರದ ಆಂಟೆನಾ. ಟಿ.ವಿ. ಪೆಟ್ಟಿಗೆಗಳನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್ ಸಂಸ್ಥೆ. ಊರಿಗೆ ಒಂದೇ ಪೆಟ್ಟಿಗೆ. ಅದು ಶಾಲೆ ಅಥವಾ ಪಂಚಾಯಿತಿಯಂಥ ಸಾರ್ವಜನಿಕ ಸ್ಥಳದಲ್ಲಿ ಇರುತ್ತಿತ್ತು.

ಪ್ರಸಾರ ದಿನಕ್ಕೆ ಒಟ್ಟು ನಾಲ್ಕು ಗಂಟೆ. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ಊರಿನ ದೊಡ್ಡವರಿಗೆ. ಬೆಳಗಿನ ಹೊತ್ತನ್ನು ಹಿಂದಿ, ಕನ್ನಡ, ತೆಲುಗು, ಒಡಿಯಾ ಭಾಷೆಗಳು ಹಂಚಿಕೊಳ್ಳಬೇಕಾಗಿತ್ತು. ಲೆಕ್ಕ ಹಾಕಿ ನೋಡಿ: 90 ನಿಮಿಷವನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು? ಇಪ್ಪತ್ತೆರಡೂವರೆ ನಿಮಿಷ. ಬಿಜಾಪುರ ಜಿಲ್ಲೆಯ ಮಗುವಿಗೆ ಬೆಳಗ್ಗೆ ಸಿಗುತ್ತಿದ್ದ ಕನ್ನಡ ಪಾಠ ಅಷ್ಟೆ.

ಮಕ್ಕಳ ವಿಜ್ಞಾನ ಕಾರ್ಯಕ್ರಮಗಳನ್ನು ಇಸ್ರೊ ಸಂಸ್ಥೆಯೇ ತಯಾರಿಸಿತು. ಆಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾಗಿದ್ದವರು ಪ್ರೊ. ಯಶ್‌ಪಾಲ್. ಸುತ್ತಲಿನ ವಸ್ತುಗಳನ್ನು ನೋಡು, ಮುಟ್ಟು, ಮಾಡಿ ನೋಡು ಎನ್ನುವುದು ಆ ಕಾರ್ಯಕ್ರಮಗಳ ಧೋರಣೆ. ಜೊತೆಗೆ ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ಟಿ.ವಿ., ರೇಡಿಯೊ ಮತ್ತು ಕೈಕೆಲಸಗಳನ್ನು ಸೇರಿಸಿ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು. ಪರದೆ ಶಿಕ್ಷಕರ ಜಾಗಕ್ಕೆ ಬರಲಿಲ್ಲ, ಅವರ ಪಕ್ಕದಲ್ಲಿ ನಿಂತಿತು.

ಮೂರು ಕಟ್ಟುಗಳು

ಈಗ ಒಂದು ಸಂಗತಿಯನ್ನು ಗಮನಿಸಿ. 1975ರ ಪರದೆಗೆ ಮೂರು ಕಟ್ಟುಗಳಿದ್ದವು.

ಮೊದಲನೆಯದು ಹೊತ್ತಿನ ಕಟ್ಟು. ಪಾಠ ಶುರುವಾಗುವ ಹಾಗೆಯೇ ಮುಗಿಯಲೂ ಒಂದು ಸಮಯವಿತ್ತು. ಇಪ್ಪತ್ತೆರಡೂವರೆ ನಿಮಿಷದ ಮೇಲೆ ಬೇಕೆಂದರೂ ಕನ್ನಡ ಪಾಠವಿರಲಿಲ್ಲ.

ಎರಡನೆಯದು ಜಾಗದ ಕಟ್ಟು. ಪರದೆ ಊರಿನ ಒಂದು ಜಾಗದಲ್ಲಿತ್ತು. ಅದನ್ನು ನೋಡಲು ಮಗು ಮನೆಯಿಂದ ಹೊರಗೆ ನಡೆದು ಬರಬೇಕಾಗಿತ್ತು. ಅದು ಹಾಸಿಗೆಗೆ, ಊಟದ ತಟ್ಟೆಯ ಪಕ್ಕಕ್ಕೆ ಬರುವಂತಿರಲಿಲ್ಲ.

ಮೂರನೆಯದು ಜೊತೆಯ ಕಟ್ಟು. ಬೆಳಗ್ಗೆ ಗುರುಗಳು ಮತ್ತು ಸಹಪಾಠಿಗಳು, ಸಂಜೆ ಅಜ್ಜ, ಅಪ್ಪ, ಅವ್ವ, ನೆರೆಯವರು. ನೋಡಿದ್ದರ ಬಗ್ಗೆ ಅಲ್ಲಿಯೇ ಪ್ರಶ್ನೆ, ನಗು, ವಾದ ಎಲ್ಲವೂ ಸಾಧ್ಯವಿತ್ತು.

ಪ್ರಯೋಗದ ಮೌಲ್ಯಮಾಪನ ಮಾಡಿದವರಿಗೆ ಮಕ್ಕಳ ಭಾಷೆಯ ಬೆಳವಣಿಗೆಯಲ್ಲಿ ಮತ್ತು ತರಗತಿಯ ಆಚೆಗೂ ಕಲಿಯುವ ಆಸಕ್ತಿಯಲ್ಲಿ ಲಾಭ ಕಂಡಿತು. ಪರೀಕ್ಷೆಯ ಅಂಕಗಳಲ್ಲಿ ಪವಾಡವೇನೂ ನಡೆಯಲಿಲ್ಲ. ಒಂದು ವರ್ಷದ ಬಳಿಕ ಒಪ್ಪಂದದಂತೆ ಉಪಗ್ರಹ ಅಮೆರಿಕದ ಕಡೆಗೆ ಹಿಂದಿರುಗಿತು.

ಈ ಮೂರು ಕಟ್ಟುಗಳನ್ನು ಯಾರೂ ಮಕ್ಕಳ ಆರೋಗ್ಯಕ್ಕೆಂದು ಹಾಕಿರಲಿಲ್ಲ ಎಂಬುದನ್ನು ಮರೆಯಬಾರದು. ತಂತ್ರಜ್ಞಾನದ ಮಿತಿ, ಹಣದ ಮಿತಿ ಅವನ್ನು ತಾವಾಗಿಯೇ ಹಾಕಿದ್ದವು. ಆದ್ದರಿಂದಲೇ ತಂತ್ರಜ್ಞಾನ ಬೆಳೆದಂತೆ ಅವು ತಾವಾಗಿಯೇ ಕಳಚಿದವು.

ಕಟ್ಟುಗಳು ಕಳಚಿದ ಬಗೆ

'ಸೈಟ್' ಮುಗಿದ ಬಳಿಕ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನದ ನೆಲಮಟ್ಟದ ಪ್ರಸಾರ ಆರಂಭವಾಯಿತು. ಬೆಂಗಳೂರಿನಲ್ಲಿ 1981ರ ನವೆಂಬರ್‌ನಲ್ಲಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಟಿ.ವಿ.ಗೆ ಬಣ್ಣ ಬಂದಿತು. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಹಾರಿತು. ಮರುವರ್ಷ ದೇಶದ ಉದ್ದಗಲಕ್ಕೂ ಕಡಿಮೆ ಶಕ್ತಿಯ ಪ್ರಸಾರ ಗೋಪುರಗಳು ಎದ್ದವು. ಟಿ.ವಿ. ಪಂಚಾಯಿತಿ ಕಟ್ಟೆಯಿಂದ ಉಳ್ಳವರ ಮನೆಯ ಪಡಸಾಲೆಗೆ ನಡೆಯಿತು. 1987ರಿಂದ 1990ರವರೆಗೆ ಭಾನುವಾರ ಬೆಳಗ್ಗೆ 'ರಾಮಾಯಣ', ಆಮೇಲೆ 'ಮಹಾಭಾರತ' ಬರುವಾಗ ಓಣಿಯ ಮಕ್ಕಳೆಲ್ಲ ಟಿ.ವಿ. ಇದ್ದ ಮನೆಯಲ್ಲಿ ಸೇರುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಹೊತ್ತು ಮತ್ತು ಜೊತೆ ಆಗಲೂ ಉಳಿದಿದ್ದವು. ಧಾರಾವಾಹಿ ಮುಗಿದ ಮೇಲೆ ಅದೇ ಮಕ್ಕಳು ಬಿದಿರಿನ ಬಿಲ್ಲು ಮಾಡಿಕೊಂಡು ಬಯಲಿಗೆ ಓಡುತ್ತಿದ್ದರು.

1991ರ ನಂತರ ಕೇಬಲ್ ಬಂದಾಗ ಹೊತ್ತಿನ ಕಟ್ಟು ಸಡಿಲವಾಯಿತು. ದಿನದ 24 ಗಂಟೆಯೂ ಕಾರ್ಯಕ್ರಮ. 2016ರ ಸೆಪ್ಟೆಂಬರ್‌ನಿಂದ 4ಜಿ ಅಂತರಜಾಲ ಬಹಳ ಅಗ್ಗವಾದಾಗ ಜಾಗದ ಕಟ್ಟು ಕಳಚಿತು. ಪರದೆ ಅಂಗೈಗೆ ಬಂದಿತು, ಹಾಸಿಗೆಗೂ ಬಂದಿತು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪರದೆಯಾದಾಗ ಜೊತೆಯೂ ಹೋಯಿತು. ಇನ್ನೊಂದು ಬದಲಾವಣೆ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಹಿಂದಿನ ಕಾರ್ಯಕ್ರಮಕ್ಕೆ ಮುಕ್ತಾಯವಿತ್ತು. ಇಂದು ಒಂದು ವಿಡಿಯೊ ಮುಗಿಯುವ ಮುನ್ನವೇ, ಮಗು ಹಿಂದೆ ಏನು ನೋಡಿತ್ತು ಎಂಬ ಲೆಕ್ಕದ ಮೇಲೆ, ಮುಂದಿನ ವಿಡಿಯೊ ಸಿದ್ಧವಾಗಿರುತ್ತದೆ. ನಿಲ್ಲಿಸುವ ಹೊಣೆ ಪ್ರಸಾರ ಮಾಡುವವರಿಂದ ಆರು ವರ್ಷದ ಮಗುವಿಗೆ ವರ್ಗವಾಗಿದೆ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಪರದೆಯೇ ಶಾಲೆಯಾಯಿತು. ಸಣ್ಣ ತರಗತಿಗಳ ಆನ್‌ಲೈನ್ ಪಾಠವನ್ನು ರಾಜ್ಯ ಸರ್ಕಾರ ಜೂನ್‌ನಲ್ಲಿ ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯದ 'ಪ್ರಜ್ಞಾತಾ' ಮಾರ್ಗಸೂಚಿ ಹೊರಬಂದಿತು. ಪೂರ್ವ ಪ್ರಾಥಮಿಕದವರಿಗೆ ದಿನಕ್ಕೆ 30 ನಿಮಿಷ, 1ರಿಂದ 8ನೆಯ ತರಗತಿಯವರಿಗೆ 30-45 ನಿಮಿಷಗಳ ಎರಡು ಅವಧಿ ಮೀರಬಾರದು ಎಂದು ಅದು ಹೇಳಿತು. ಆಗಸ್ಟ್‌ನಲ್ಲಿ ಕರ್ನಾಟಕದ 'ವಿದ್ಯಾಗಮ' ಯೋಜನೆಯಡಿ ಸರ್ಕಾರಿ ಶಾಲಾ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಿಗೆ ಹೋಗಿ ಸಣ್ಣ ಗುಂಪುಗಳಿಗೆ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಮೊಬೈಲ್ ಇಲ್ಲದ ಮಕ್ಕಳನ್ನು ತಲುಪಲು ನಮಗೆ ಬಯಲೇ ಒದಗಿತು ಎಂಬುದು ನೆನಪಿಡಬೇಕಾದ ಸಂಗತಿ.

ಬಯಲೂ ಕಿರಿದಾಯಿತು

ಪರದೆ ಹಿಗ್ಗಿದ್ದು ಅರ್ಧ ಕಥೆ ಮಾತ್ರ. ಈ ಅವಧಿಯಲ್ಲೇ ಬಯಲು ಕುಗ್ಗಿತು. ಜಮಖಂಡಿ, ಮುಧೋಳಗಳ ಕಡೆ ನೀರಾವರಿ ಬಂದು ಕಬ್ಬು ಹಬ್ಬಿತು. ಕಬ್ಬಿನ ಹೊಲ ಜೋಳದ ಹೊಲದಂತೆ ಸುಗ್ಗಿಯ ನಂತರ ತಿಂಗಳುಗಟ್ಟಲೆ ಬಯಲಾಗಿ ಉಳಿಯುವುದಿಲ್ಲ. ಕಾರ್ಖಾನೆ ನುರಿಸುವ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಓಡಾಡುವ ದಾರಿಯಲ್ಲಿ ಬುಗುರಿ ಆಡಿಸಲು ಯಾವ ತಾಯಿ ಬಿಟ್ಟಾಳು? ಬೀಳಗಿ ತಾಲ್ಲೂಕಿನ ಅನೇಕ ಹಳ್ಳಿಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ನಿವೇಶನ ಅಳೆದು ಕೊಡಬಹುದು. ತಲೆಮಾರುಗಳಿಂದ ಮಕ್ಕಳು ಹತ್ತಿದ ಆಲದ ಮರವನ್ನು ಅಳೆದು ಕೊಡಲು ಬರುವುದಿಲ್ಲ.

ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದಿತು. ಮನೆಯಲ್ಲೇ ಮಗ್ಗ ಓಡುವಾಗ ಪುಟ್ಟ ಮಗುವನ್ನು ಯಂತ್ರದಿಂದ ದೂರ ಇಡಬೇಕು, ದೊಡ್ಡವರು ಕೆಲಸ ಬಿಟ್ಟು ಏಳುವಂತಿಲ್ಲ. ಅಂಥ ಹೊತ್ತಿನಲ್ಲಿ ಮಗುವಿನ ಕೈಗೆ ಮೊಬೈಲ್ ಕೊಟ್ಟ ತಾಯಿಯನ್ನು ಬೈದು ಪ್ರಯೋಜನವಿಲ್ಲ. ಮಗುವನ್ನು ಹೊರಗೆ ಕಳಿಸಲು ಸುರಕ್ಷಿತ ಜಾಗ, ನೋಡಿಕೊಳ್ಳುವ ಒಂದು ಜೀವ ಬೇಕು. ಅದಿಲ್ಲದೆ "ಪರದೆ ಬಿಡಿಸಿ" ಎನ್ನುವುದು ಅರ್ಧ ಸಲಹೆ.

ಕಣ್ಣು ಹೇಳುವ ಲೆಕ್ಕ

ಬಯಲಾಟ ತಪ್ಪಿದರೆ ನಷ್ಟವೇನು? ಮೈಯ ವ್ಯಾಯಾಮ ತಪ್ಪುತ್ತದೆ ಎಂಬುದು ಎಲ್ಲರಿಗೂ ಗೊತ್ತು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಬಿರುಸಾಗುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ಬಯಲಿನ ಇನ್ನೊಂದು ಉಪಕಾರ ಇತ್ತೀಚೆಗೆ ಖಚಿತವಾಗಿದೆ. ಅದು ಕಣ್ಣಿಗೆ ಸಂಬಂಧಿಸಿದ್ದು.

ಸಮೀಪದೃಷ್ಟಿ ದೋಷ ಬರುವುದು ಬಹುಮಟ್ಟಿಗೆ ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆಯುವುದರಿಂದ. ಆಗ ದೂರದ ವಸ್ತುವಿನ ಬಿಂಬ ಅಕ್ಷಿಪಟದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಕಣ್ಣುಗುಡ್ಡೆ ಹೀಗೆ ಉದ್ದವಾಗುವುದು ಹೆಚ್ಚಾಗಿ ಶಾಲಾ ವಯಸ್ಸಿನಲ್ಲಿ. ಪ್ರಖರ ಬೆಳಕು ಬಿದ್ದಾಗ ಅಕ್ಷಿಪಟದಲ್ಲಿ ಡೋಪಮೀನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗಿ, ಈ ಅತಿ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಇಂದಿನ ಪ್ರಮುಖ ವಿವರಣೆ.

ಚೀನಾ ಮೂಲದ 6-7 ವರ್ಷದ ಮಕ್ಕಳನ್ನು ಸಿಂಗಪುರ ಮತ್ತು ಸಿಡ್ನಿಗಳಲ್ಲಿ ಹೋಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಸಮೀಪದೃಷ್ಟಿ ಸಿಂಗಪುರದಲ್ಲಿ ಶೇ. 29.1 ಮಕ್ಕಳಿಗಿದ್ದರೆ, ಸಿಡ್ನಿಯಲ್ಲಿ ಶೇ. 3.3 ಮಾತ್ರ. ಸಿಡ್ನಿಯ ಮಕ್ಕಳು ಹೆಚ್ಚೇ ಪುಸ್ತಕ ಓದುತ್ತಿದ್ದರು. ದೊಡ್ಡ ವ್ಯತ್ಯಾಸ ಇದ್ದದ್ದು ಹೊರಗೆ ಕಳೆಯುವ ಹೊತ್ತಿನಲ್ಲಿ: ವಾರಕ್ಕೆ ಸಿಡ್ನಿಯಲ್ಲಿ ಸುಮಾರು 14 ಗಂಟೆ, ಸಿಂಗಪುರದಲ್ಲಿ ಸುಮಾರು 3 ಗಂಟೆ. ಮುಂದೆ ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳಲ್ಲಿ ಪ್ರಯೋಗ ನಡೆಯಿತು. ಆರು ಶಾಲೆಗಳ 1ನೆಯ ತರಗತಿಯ ಮಕ್ಕಳಿಗೆ ದಿನವೂ 40 ನಿಮಿಷ ಹೆಚ್ಚಿನ ಹೊರಾಂಗಣ ಅವಧಿ. ಮೂರು ವರ್ಷದ ಬಳಿಕ ಹೊಸದಾಗಿ ಸಮೀಪದೃಷ್ಟಿ ಬಂದವರು ಈ ಶಾಲೆಗಳಲ್ಲಿ ಶೇ. 30.4, ಉಳಿದ ಆರರಲ್ಲಿ ಶೇ. 39.5. ಇದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಬಯಲಿನ ಬೆಳಕು ದೋಷ ಬರುವುದನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ. ಬಂದ ಮೇಲೆ ಕನ್ನಡಕ ಬೇಕೇ ಬೇಕು.

ನಿದ್ರೆಯದೂ ಇಂಥದೇ ಕಥೆ. ಕತ್ತಲಾದಾಗ ಮಿದುಳಿನಲ್ಲಿ ಮೆಲಟೋನಿನ್ ಸ್ರವಿಸಿ ದೇಹವನ್ನು ನಿದ್ರೆಗೆ ಅಣಿ ಮಾಡುತ್ತದೆ. ರಾತ್ರಿಯ ಬೆಳಕು ಅದನ್ನು ತಗ್ಗಿಸುತ್ತದೆ. ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿಯಾದ್ದರಿಂದ ಅವರಿಗೆ ಈ ಪರಿಣಾಮ ಹೆಚ್ಚು. ಅಂದರೆ ಹಗಲಿನಲ್ಲಿ ಬೇಕಾದ ಬೆಳಕು ಮಗುವಿಗೆ ಸಿಗುತ್ತಿಲ್ಲ, ರಾತ್ರಿ ಬೇಡವಾದ ಬೆಳಕು ಸಿಗುತ್ತಿದೆ.

ಕಟ್ಟುಗಳನ್ನು ನಾವೇ ಹಾಕಬೇಕು

ತಾವಾಗಿಯೇ ಇದ್ದ ಮೂರು ಕಟ್ಟುಗಳನ್ನು ಈಗ ನಾವು ತಿಳಿದು, ಕೂಡಿ ಹಾಕಬೇಕಾಗಿದೆ. ಇದು ಆಗದ ಮಾತಲ್ಲ. ರಬಕವಿ ಒಮ್ಮೆ ಯಾವ ಸಂಸ್ಥಾನಕ್ಕೆ ಸೇರಿತ್ತೋ ಆ ಸಾಂಗ್ಲಿಯ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಿದೆ. ಅಲ್ಲಿ 2022ರ ಆಗಸ್ಟ್ 15ರಿಂದ ಒಂದು ಪದ್ಧತಿ ಆರಂಭಿಸಿದರು. ಸಂಜೆ 7ಕ್ಕೆ ಗುಡಿಯ ಮೇಲಿನ ಸೈರನ್ ಕೂಗಿದೊಡನೆ ಊರೆಲ್ಲ ಟಿ.ವಿ., ಮೊಬೈಲ್ ಆರಿಸಬೇಕು, 8.30ರ ಸೈರನ್‌ವರೆಗೆ ಓದು, ಮಾತುಕತೆ. ನಿಯಮ ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ಇತ್ತು. ಅದರ ಬಲ ಇರುವುದು ಅಲ್ಲಿಯೇ. ಒಂದು ಮನೆಯವರು ಮಾತ್ರ ಆರಿಸಿದರೆ ಮಗು ನೆರೆಮನೆಗೆ ಹೋಗುತ್ತದೆ. ಓಣಿಯೇ ಆರಿಸಿದರೆ ನೆರೆಮನೆಯ ಮಗು ಆಟಕ್ಕೆ ಸಿಗುತ್ತದೆ.

ಪಾಲಕರಿಗೆ ನೀವು ಹೇಳಬಹುದಾದದ್ದು ಇಷ್ಟು. ಹೊತ್ತು: ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, 5ರಿಂದ 10 ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ ಇರಲಿ. ಇದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಜಾಗ: ಮೊಬೈಲಿಗೆ ಮನೆಯಲ್ಲಿ ಒಂದು ಗೂಡು ಇರಲಿ, ಹಾಸಿಗೆಗೂ ಊಟಕ್ಕೂ ಅದು ಬರದಿರಲಿ. ಜೊತೆ: ಮಗು ನೋಡುವುದನ್ನು ಹಿರಿಯರೊಬ್ಬರು ಕೂಡ ನೋಡಲಿ, ಮುಗಿದ ಮೇಲೆ ಅದರ ಬಗ್ಗೆ ಒಂದು ಪ್ರಶ್ನೆ ಕೇಳಲಿ. ಎಷ್ಟು ಪ್ರಯತ್ನಿಸಿದರೂ ಬಿಡಿಸಲಾಗದಷ್ಟು ಗೀಳು ಹತ್ತಿದ್ದರೆ ಅದು ಬೈಗುಳದಿಂದ ಹೋಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ಆರಂಭವಾಯಿತು. ಅಂಥ ಮಗುವಿಗೆ ವೈದ್ಯರ ನೆರವು ಬೇಕು.

ಬಯಲಿನ ಹೊಣೆ ಶಾಲೆಯದೂ ಹೌದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಆಟದ ಮೈದಾನ ಮತ್ತು ಆಟದ ಸಾಮಗ್ರಿ ಸೇರಿವೆ. ಆಟದ ಅವಧಿಯನ್ನು ಗಣಿತಕ್ಕೆ ಸಾಲ ಕೊಡುವ ರೂಢಿ ನಿಲ್ಲಲಿ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಗೇಟು ತೆರೆದಿರಲಿ. ಎಸ್‌ಡಿಎಂಸಿ ಸದಸ್ಯರು ಸರದಿಯ ಮೇಲೆ ನಿಂತರೆ ಮಗ್ಗದ ಮನೆಯ ತಾಯಿಗೆ ಮಗುವನ್ನು ಕಳಿಸಲು ಒಂದು ಜಾಗ ಸಿಗುತ್ತದೆ. ಹೆಣ್ಣುಮಕ್ಕಳು ಬರುತ್ತಿದ್ದಾರೆಯೇ ಎಂದು ಎಣಿಸಿ ನೋಡಿ. ಬೇಸಿಗೆಯಲ್ಲಿ ಈ ಸೀಮೆಯ ಮಧ್ಯಾಹ್ನದ ಬಿಸಿಲು ಅಪಾಯಕಾರಿ. ಆಟ ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿರಲಿ.

ನೀವೇ ಮಾಡಿ ನೋಡಿ

ಬೆಳಕಿನ ಸಂವೇದಕವಿರುವ ಮೊಬೈಲಿಗೆ ಲಕ್ಸ್ ಅಳೆಯುವ ಉಚಿತ ಆ್ಯಪ್ ಹಾಕಿಕೊಳ್ಳಿ. ಪರದೆಯ ಮುಖ ಮೇಲೆ ಮಾಡಿ ತರಗತಿಯ ಮಧ್ಯದಲ್ಲಿ, ಜಗಲಿಯಲ್ಲಿ, ಬೇವಿನ ಮರದ ನೆರಳಲ್ಲಿ, ತೆರೆದ ಮೈದಾನದಲ್ಲಿ ಅಳೆಯಿರಿ. ತರಗತಿಯಲ್ಲಿ ಕೆಲವು ನೂರು, ನೆರಳಲ್ಲಿ ಕೆಲವು ಸಾವಿರ, ಮಧ್ಯಾಹ್ನದ ಬಿಸಿಲಲ್ಲಿ ಒಂದು ಲಕ್ಷದವರೆಗೂ ಲಕ್ಸ್ ಕಾಣಬಹುದು. ಸೂರ್ಯನನ್ನು ನೇರವಾಗಿ ನೋಡದಂತೆ ಮಕ್ಕಳಿಗೆ ಎಚ್ಚರಿಕೆ ಹೇಳಿ. ಕಣ್ಣಿಗೆ ಬೇಕಾದ ಬೆಳಕಿಗೆ ಸುಡುಬಿಸಿಲು ಬೇಕಿಲ್ಲ, ಮರದ ನೆರಳು ಸಾಕೆಂಬುದು ಆಗ ಅಂಕಿಗಳಲ್ಲೇ ಗೊತ್ತಾಗುತ್ತದೆ.

ನಂತರ ಪ್ರತಿ ವಿದ್ಯಾರ್ಥಿಯೂ ಒಂದು ವಾರ ಎರಡು ಸಾಲು ಬರೆಯಲಿ: ಇಂದು ಪರದೆಯ ಮುಂದೆ ಎಷ್ಟು ನಿಮಿಷ, ಬಯಲಲ್ಲಿ ಎಷ್ಟು ನಿಮಿಷ. ಹೆಸರು ಬರೆಯುವುದು ಬೇಡ. ತರಗತಿಯ ಸರಾಸರಿ ತೆಗೆದು ನಕ್ಷೆ ಬರೆಯಿಸಿ, ಮುಂದಿನ ಪಾಲಕರ ಸಭೆಯಲ್ಲಿ ಗೋಡೆಗೆ ಹಚ್ಚಿ. ಅದರ ಪಕ್ಕದಲ್ಲಿ 1975ರ ಇಪ್ಪತ್ತೆರಡೂವರೆ ನಿಮಿಷವನ್ನೂ ಒಂದು ಗೆರೆಯಾಗಿ ಎಳೆಯಿರಿ. ನಿಮ್ಮ ಊರಿನ ಕಟ್ಟುಗಳು ಹೇಗಿರಬೇಕೆಂಬ ಚರ್ಚೆ ಅಲ್ಲಿಂದ ಶುರುವಾಗಲಿ.